ಪೆಗ್ ಬಿಟ್ಟೆ, ಅಡಿಕೆ ಹಾಳೆ ಹಿಡಿದೆ

ಶರಾವತಿ ಹಿನ್ನೀರಿನ ಮರಳಲ್ಲಿ ಟೆಂಟ್ ನಿಲ್ಲೋದಿಲ್ಲ ಅಂತ ನಕ್ಕವರೇ ಈಗ ಫೋನ್ ಮಾಡಿ, ಟೆಂಟಿನ ಹಗ್ಗ ಕಟ್ಟಿ ಮರಳಲ್ಲಿ ಹೂಳುವ ಅಡಿಕೆ ಹಾಳೆ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಬರೆದೇ ಬಿಡುತ್ತೇನೆ.

ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ತುಂಬಿದರೆ ನೀರಿನ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಏಪ್ರಿಲ್-ಮೇ ಹೊತ್ತಿಗೆ ನೀರು ಇಳಿದು ದಡ ಬೋಳಾಗುತ್ತದೆ. ಹಳ್ಳ ಬಂದು ಸೇರುವ ಕೆಲವು ಕಡೆ ಮರಳಿನ ದಿಬ್ಬ ಸಿಗುತ್ತವೆ. ನಮ್ಮ ದಿಬ್ಬ ಸಾಗರ ತಾಲೂಕಿನಲ್ಲಿದೆ, ಅಷ್ಟು ಸಾಕು. ಜಾಗ ಹೇಳಿದರೆ ಮುಂದಿನ ವಾರವೇ ಅಲ್ಲಿ ಬಾಟಲಿ ಬಿದ್ದಿರುತ್ತವೆ. ಅಭಯಾರಣ್ಯದ ಕಡೆಯಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು, ಅದು ನಿಮಗೂ ಗೊತ್ತು.

ಟೆಂಟಿನ ಜೊತೆ ಬರುವ ಪೆಗ್, ಅಂದರೆ ಹಗ್ಗ ಬಿಗಿಯಲು ನೆಲಕ್ಕೆ ಹೊಡೆಯುವ ಗೂಟ, ಒಣ ಮರಳಲ್ಲಿ ಮಗು ಎಳೆದರೂ ಕಿತ್ತು ಬರುತ್ತದೆ. ಅಗಲದ ಪೆಗ್ ತರಿಸಿದೆ, ಎಂಟಕ್ಕೆ 1200 ಚಿಲ್ಲರೆ. ಸಂಜೆ ಗಾಳಿಗೆ ಅವೂ ಎದ್ದವು. ಮುಳುಗಿದ ಮರಗಳ ಬೊಡ್ಡೆಗೆ ಕಟ್ಟೋಣವೆಂದರೆ ಬೊಡ್ಡೆ ಇರುವಲ್ಲೆಲ್ಲ ಇಳಿಜಾರು, ರಾತ್ರಿಯಿಡೀ ಜಾರುವುದೇ ಕೆಲಸ. ಸಿಮೆಂಟ್ ಚೀಲಕ್ಕೆ ಮರಳು ತುಂಬಿ ಹಗ್ಗ ಕಟ್ಟಿದೆ. ಮಳೆಗಾಳಿಗೆ ಚೀಲ ಜರುಗಿ, ಮೇಲುಹೊದಿಕೆ ಹರಿದು, ಹೊಲಿಸಲು ಏಳುನೂರೋ ಎಂಟುನೂರೋ ಹೋಯಿತು.

ಆಮೇಲೆ ಬಂದದ್ದು ಹಾಳೆ. "ಊಟದ ತಟ್ಟೆ ನಂಬಿ ಮಲಗ್ತೀಯಾ ಮಾರಾಯ?" ಅಂದರು ಜೊತೆಯವರು. ಹಿಂದಿನ ರಾತ್ರಿಯೇ ನೆನೆಹಾಕಬೇಕು, ಇಲ್ಲದಿದ್ದರೆ ಮಡಚುವಾಗ ಸೀಳುತ್ತದೆ. ಒಂದೂವರೆ ಅಡಿ ತುಂಡು, ಉದ್ದಕ್ಕೆ ಮಡಚಿ ನಡುವೆ ಹಗ್ಗ. ಹಗ್ಗಕ್ಕೆ ಅಡ್ಡಲಾಗಿ ಒಂದು ಮೊಳ ಆಳದಲ್ಲಿ ಹೂಳಬೇಕು. ಹಗ್ಗ ಹೊರಬರಲು ಮರಳಲ್ಲಿ ಓರೆಯಾಗಿ ಸೀಳು ಮಾಡಿ. ನೆಟ್ಟಗೆ ಮೇಲಕ್ಕೆ ಬಂದರೆ ಹಾಳೆಯೂ ಜೊತೆಗೇ ಏಳುತ್ತದೆ. ಮರಳು ತುಂಬುತ್ತಾ ನೀರು ಹೊಯ್ದು ತುಳಿಯಿರಿ. ಅರ್ಧ ಗಟ್ಟಿತನ ಆ ನೀರಿನದ್ದೇ. ಹಗ್ಗ ಹಾಳೆಯನ್ನು ಕೊಯ್ಯದಂತೆ ನಡುವೆ ಏನಿಡುತ್ತೇನೆ ಅನ್ನೋದು ಸದ್ಯಕ್ಕೆ ನನ್ನಲ್ಲೇ ಇರಲಿ.

ಹೋದ ಬೇಸಿಗೆಯ ಗುಡುಗು ಮಳೆಯಲ್ಲಿ, ಪಕ್ಕದಲ್ಲೇ ಪೆಗ್ ಹೊಡೆದಿದ್ದ ಗೆಳೆಯರ ಟೆಂಟ್ ಉರುಳಿ ನೀರಂಚಿಗೆ ಹೋಯಿತು. ನಮ್ಮದು ಅಲ್ಲಾಡಲಿಲ್ಲ. ಅವರೂ ಬಂದು ನಮ್ಮ ಟೆಂಟಿನಲ್ಲೇ ಕೂತರು, ಆಗ ತಟ್ಟೆಯ ಮಾತಿಲ್ಲ! ಖರ್ಚು? ಹಗ್ಗಕ್ಕೆ ನೂರು ರೂಪಾಯಿಯೊಳಗೆ.

ಇದರ ಮಧ್ಯೆ ಒರತೆಯ ಹುಚ್ಚೂ ಹತ್ತಿತ್ತು. ನೀರಂಚಿನಿಂದ ನಾಲ್ಕೈದು ಹೆಜ್ಜೆ ಹಿಂದೆ ಗುಂಡಿ ತೋಡಿದರೆ ತಿಳಿನೀರು ಜಿನುಗುತ್ತದೆ. ಮೊದಲೆರಡು ಸಲದ್ದು ಎತ್ತಿ ಚೆಲ್ಲಿ, ಆಮೇಲಿನದ್ದನ್ನು ಕುದಿಸಿ ಚಹಾಕ್ಕೆ ಬಳಸುತ್ತೇವೆ. ನಡೆಯುವಾಗ ಮಾತ್ರ ಕೋಲು ಕೈಯಲ್ಲಿರಲಿ. ಮೇಲೆ ಒಣಗಿ ಬಿರುಕು ಬಿಟ್ಟ ಹೂಳು ಒಳಗೆ ಮೊಣಕಾಲುದ್ದ ಕೆಸರಾಗಿರುತ್ತದೆ.

ಹೊರಡುವಾಗ ಹೂತ ಹಾಳೆಯನ್ನು ಎಳೆದು ಕೀಳಲು ಹೋಗಬೇಡಿ, ಬರೋದಿಲ್ಲ. ಅಗೆದೇ ತೆಗೆಯಬೇಕು. ಹಾಳೆ ಅಲ್ಲೇ ಉಳಿದರೂ ಕೊಳೆಯುತ್ತದೆ. ನೈಲಾನ್ ಹಗ್ಗ ಬಿಟ್ಟರೆ ಮೇಯಲು ಬರುವ ದನಗಳ ಕಾಲಿಗೆ ಸುತ್ತಿಕೊಳ್ಳುತ್ತದೆ.