ಮಹಿಳಾ ಕಾಲೇಜು ಬ್ಯಾಸ್ಕೆಟ್‌ಬಾಲ್: ರ‍್ಯಾಂಕಿಂಗ್ ಓದಬೇಕಾದರೆ ಮೊದಲು ಕಾನ್ಫರೆನ್ಸ್ ಓದಿ

ಅಮೆರಿಕದ ಮಹಿಳಾ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಮೂರೇ ಪಂದ್ಯ ಸೋತ ತಂಡ ಕೆಲವೊಮ್ಮೆ ರ‍್ಯಾಂಕಿಂಗ್‌ನಲ್ಲಿ ಕೆಳಗಿರುತ್ತದೆ, ಏಳೆಂಟು ಸೋತ ತಂಡ ಅದಕ್ಕಿಂತ ಮೇಲಿರುತ್ತದೆ. ಹೊಸದಾಗಿ ನೋಡುವವರಿಗೆ ಇದು ಅನ್ಯಾಯ ಅನ್ನಿಸುತ್ತದೆ, ಅಲ್ವಾ? ಬಹಳಷ್ಟು ಸಲ ಕಾರಣ ಕಾನ್ಫರೆನ್ಸ್, ಅಂದರೆ ಸೀಸನ್‌ನಲ್ಲಿ ತಮ್ಮೊಳಗೇ ಪಂದ್ಯ ಆಡುವ ತಂಡಗಳ ಗುಂಪು.

ಮೊದಲು ನೀವು ಯಾವ ಪಟ್ಟಿ ನೋಡುತ್ತಿದ್ದೀರಿ ಅಂತ ತಿಳಿದುಕೊಳ್ಳಿ. ಎಪಿ ಪೋಲ್ ಅಂದರೆ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಪಡೆಯುವ ಪತ್ರಕರ್ತರ ಮತ. ನೆಟ್ ಅಂದರೆ ಕಾಲೇಜು ಕ್ರೀಡೆ ನಡೆಸುವ ಸಂಸ್ಥೆಯಾದ ಎನ್‌ಸಿಎಎಯ ರ‍್ಯಾಂಕಿಂಗ್ ಲೆಕ್ಕ, ಮಹಿಳೆಯರಿಗೆ 2020-21ರಿಂದ ಬಂದಿದೆ. ಅದಕ್ಕೆ ಮುಂಚೆ ಇದ್ದ ಆರ್‌ಪಿಐ ಅನ್ನುವ ಲೆಕ್ಕದಲ್ಲಿ ತಂಡದ ಸ್ವಂತ ಗೆಲುವಿಗೆ ಬರೀ 25%, ಉಳಿದ 75% ಎದುರಾಳಿಗಳದ್ದು ಮತ್ತು ಅವರ ಎದುರಾಳಿಗಳದ್ದು. ನೆಟ್ ಎದುರಾಳಿ ಎಷ್ಟು ಗಟ್ಟಿ, ಪಂದ್ಯ ಎಲ್ಲಿ ನಡೆಯಿತು, ಬಾಲ್ ಕೈಗೆ ಸಿಕ್ಕ ಪ್ರತಿ ಸರದಿಗೆ ಎಷ್ಟು ಪಾಯಿಂಟ್ ಬಂತು ಅಂತ ನೋಡುತ್ತದೆ. ಕಾನ್ಫರೆನ್ಸ್ ಹೆಸರಿಗೆ ಅಂತ ಅಲ್ಲಿ ಒಂದು ಅಂಕವೂ ಇಲ್ಲ. ಅದರ ಪ್ರಭಾವ ಬರುವುದು ಎದುರಾಳಿಗಳ ಮೂಲಕ.

ಎಲ್ಲಕ್ಕಿಂತ ಮುಖ್ಯವಾದ ವಿಷಯ ಇದು: ಕಾನ್ಫರೆನ್ಸ್‌ನ ಬಲ ತೀರ್ಮಾನವಾಗುವುದು ನವೆಂಬರ್, ಡಿಸೆಂಬರ್‌ನಲ್ಲಿ, ತಂಡಗಳು ಹೆಚ್ಚಾಗಿ ಹೊರಗಿನವರ ಜೊತೆ ಆಡುವಾಗ. ಎಸ್‌ಇಸಿ ಅನ್ನುವ ಕಾನ್ಫರೆನ್ಸ್‌ನಲ್ಲಿ 16 ತಂಡ, ಒಂದೊಂದಕ್ಕೂ 16 ಕಾನ್ಫರೆನ್ಸ್ ಪಂದ್ಯ ಅಂದರೆ ಒಟ್ಟು 128 ಪಂದ್ಯ, 128 ಗೆಲುವು, 128 ಸೋಲು. ಒಳಗೊಳಗೇ ಆಡಿಕೊಂಡರೆ ಒಬ್ಬರು ಗೆದ್ದಷ್ಟು ಇನ್ನೊಬ್ಬರು ಸೋತಿರುತ್ತಾರೆ, ಹಾಗಾಗಿ ಇಡೀ ಕಾನ್ಫರೆನ್ಸ್‌ನ ಲೆಕ್ಕ ಎಷ್ಟೇ ಆಡಿದರೂ ಅರ್ಧಕ್ಕೇ ನಿಲ್ಲುತ್ತದೆ. ಹೊರಗಿನವರನ್ನು ಸೋಲಿಸಿ ತಂದ ಬಲವನ್ನೇ ಜನವರಿಯಿಂದ ಹಂಚಿಕೊಳ್ಳುವುದು.

ಇದನ್ನು ನೀವೇ ಲೆಕ್ಕ ಹಾಕಬಹುದು. ಅಂಕಪಟ್ಟಿಯಲ್ಲಿ ಒಟ್ಟು ದಾಖಲೆಯಿಂದ ಕಾನ್ಫರೆನ್ಸ್ ದಾಖಲೆ ಕಳೆಯಿರಿ. ತಂಡ 22-8 (22 ಗೆಲುವು, 8 ಸೋಲು) ಇದೆ, ಕಾನ್ಫರೆನ್ಸ್‌ನಲ್ಲಿ 10-6 ಅಂದುಕೊಳ್ಳಿ. ಹೊರಗೆ 12-2. ಎಲ್ಲ ತಂಡಗಳಿಗೂ ಹೀಗೆ ಮಾಡಿ ಕೂಡಿ. ಆಮೇಲೆ ಕೊನೆಯ ಮೂರು ನಾಲ್ಕು ತಂಡಗಳ ನೆಟ್ ಸ್ಥಾನ ನೋಡಿ. ಹೆಚ್ಚಿನವರು ಮೇಲಿನ ತಂಡಗಳನ್ನಷ್ಟೇ ನೋಡಿ ಸುಮ್ಮನಾಗುತ್ತಾರೆ, ಆದರೆ ಕೆಳಗಿನವು 200ರ ಆಚೆ ಇದ್ದರೆ ಅವರ ಮೇಲೆ ಗೆದ್ದರೂ ಹೆಚ್ಚೇನೂ ಸಿಗುವುದಿಲ್ಲ, ಸೋತರೆ ಮಾತ್ರ ಜೋರು ಪೆಟ್ಟು.

ಇನ್ನು ಕ್ವಾಡ್ರೆಂಟ್, ಅಂದರೆ ಎದುರಾಳಿಯ ನೆಟ್ ಸ್ಥಾನ ಮತ್ತು ಅಂಗಳ ನೋಡಿ ಪಂದ್ಯಗಳನ್ನು ಹಂಚುವ ನಾಲ್ಕು ಗುಂಪು, ಕ್ವಾಡ್ 1 ಎಲ್ಲಕ್ಕಿಂತ ಕಷ್ಟದ್ದು. ತವರಿನಲ್ಲಿ 1-25, ತಟಸ್ಥ ಅಂಗಳದಲ್ಲಿ 1-35, ಎದುರಾಳಿಯ ಅಂಗಳದಲ್ಲಿ 1-45ರೊಳಗಿನ ತಂಡದ ಜೊತೆ ಆಡಿದರೆ ಅದು ಕ್ವಾಡ್ 1. ಅಂದರೆ 40ನೇ ಸ್ಥಾನದ ತಂಡವನ್ನು ಅವರ ಊರಲ್ಲಿ ಸೋಲಿಸಿದರೆ ಕ್ವಾಡ್ 1, ನಿಮ್ಮ ಊರಲ್ಲಿ ಸೋಲಿಸಿದರೆ ಕ್ವಾಡ್ 2. ದೊಡ್ಡ ಕಾನ್ಫರೆನ್ಸ್‌ನವರಿಗೆ ಇಂಥ ಪಂದ್ಯ ತಾನಾಗೇ ಬರುತ್ತಿರುತ್ತವೆ. ಚಿಕ್ಕ ಕಾನ್ಫರೆನ್ಸ್‌ನವರು ಸೀಸನ್ ಶುರುವಿನಲ್ಲೇ ಹುಡುಕಿಕೊಂಡು ಹೋಗಿ ಆಡಬೇಕು.

2025ರ ಯುಕಾನ್ (ಕನೆಕ್ಟಿಕಟ್ ವಿಶ್ವವಿದ್ಯಾಲಯ) ತಂಡ ನೋಡಿ. ತನ್ನ ಕಾನ್ಫರೆನ್ಸ್ ಬಿಗ್ ಈಸ್ಟ್‌ನಲ್ಲಿ ಒಂದೂ ಸೋಲಿಲ್ಲ, ಫೆಬ್ರವರಿಯಲ್ಲಿ ಸೌತ್ ಕೆರೊಲಿನಾವನ್ನು ಅವರದೇ ಅಂಗಳದಲ್ಲಿ 87-58ರಿಂದ ಸೋಲಿಸಿತ್ತು, ಆದರೂ ಸೀಸನ್ ಕೊನೆಯ ಎನ್‌ಸಿಎಎ ಟೂರ್ನಿಯಲ್ಲಿ ಸಿಕ್ಕಿದ್ದು 2ನೇ ಸೀಡ್, ಅಂದರೆ ಎರಡನೇ ಸಾಲಿನ ಶ್ರೇಯಾಂಕ. ಕೊನೆಗೆ ಫೈನಲ್‌ನಲ್ಲಿ ಅದೇ ಸೌತ್ ಕೆರೊಲಿನಾ ಮೇಲೆ 82-59ರಿಂದ ಗೆದ್ದು ಚಾಂಪಿಯನ್ ಆಯಿತು. ಕಾನ್ಫರೆನ್ಸ್ ಬಲ ಅಂದರೆ ತಂಡಕ್ಕೆ ಸಿಗುವ ಅವಕಾಶಗಳ ಅಳತೆ, ತಂಡದ ಸಾಮರ್ಥ್ಯದ ಅಳತೆ ಅಲ್ಲ ಅಂತ ನಾನು ಹೇಳುವುದು ಇದಕ್ಕೇ. ಅದೇ ವರ್ಷ ದೊಡ್ಡ ಕಾನ್ಫರೆನ್ಸ್ ಬಿಗ್ ಟೆನ್‌ನಿಂದ 12 ತಂಡ ಟೂರ್ನಿಗೆ ಬಂದವು. ಆದರೆ ಚಿಕ್ಕ ಕಾನ್ಫರೆನ್ಸ್ ಐವಿ ಲೀಗ್‌ನಿಂದಲೂ ಮೊದಲ ಸಲ ಮೂರು ಬಂದವು, ಹಾರ್ವರ್ಡ್, ಕೊಲಂಬಿಯಾ, ಪ್ರಿನ್ಸ್‌ಟನ್. ನನಗೆ ಆ ಮೂರೂ ಹೆಸರು ಪಟ್ಟಿಯಲ್ಲಿ ನೋಡಿ ತುಂಬಾ ಖುಷಿಯಾಗಿತ್ತು.

ಬೇರೆ ಬೇರೆ ಕಾನ್ಫರೆನ್ಸ್‌ನ ಎರಡು ತಂಡಗಳನ್ನು ಹೋಲಿಸುವಾಗ ಗೆಲುವು ಸೋಲಿನ ಸಂಖ್ಯೆ ಬದಿಗಿಡಿ. ಹೊರಗಿನ ಪಂದ್ಯಗಳಲ್ಲಿ ಇಬ್ಬರಿಗೂ ಸಿಕ್ಕ ಒಂದೇ ಎದುರಾಳಿ ಇದ್ದರೆ ಅಲ್ಲಿಂದ ಶುರು ಮಾಡಿ, ಆಮೇಲೆ ಪರರ ಅಂಗಳದ ಕ್ವಾಡ್ 1 ಪಂದ್ಯಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಒಟ್ಟಾರೆ ಮೊದಲ 16 ಸ್ಥಾನ ಪಡೆದ ತಂಡಗಳಿಗೆ ಟೂರ್ನಿಯ ಮೊದಲೆರಡು ಸುತ್ತು ತವರಿನಲ್ಲೇ ಆಡಲು ಸಿಗುತ್ತದೆ, ಹಾಗಾಗಿ 15ರಿಂದ 20ರ ನಡುವಿನ ತಂಡಗಳಿಗೆ ಈ ಹೋಲಿಕೆ ಮಾಡಿ ನೋಡುವುದು ಒಳ್ಳೆಯದು.