508ರ ಗೆರೆ ಯಾರದು?

ಪುಣೆಯ ನಮ್ಮ ಲ್ಯಾಬಿನಲ್ಲಿ ಯೂರೋಪಿಯಂ ಬೆರೆಸಿದ ಇಟ್ರಿಯಂ ಆಕ್ಸೈಡ್ ಪುಡಿಯ ಸ್ಪೆಕ್ಟ್ರಂ (ಯಾವ ತರಂಗಾಂತರದಲ್ಲಿ ಎಷ್ಟು ಬೆಳಕು ಹೊಮ್ಮುತ್ತದೆ ಅನ್ನುವ ನಕ್ಷೆ) ತೆಗೆಯುತ್ತಿದ್ದೆವು. ಅದರ ಮೇಲೆ 254 ನ್ಯಾನೊಮೀಟರ್ ಬೆಳಕು ಹಾಯಿಸಿದರೆ 611ರಲ್ಲಿ ಜೋರು ಕೆಂಪು ಗೆರೆ. ಅದು ಬರಬೇಕಾದದ್ದೇ. ಆದರೆ 508ರಲ್ಲಿ ಇನ್ನೊಂದು ಚೂಪು ಗೆರೆ ಎದ್ದಿತ್ತು.

"ಅಕ್ಕಾರ, ಇದು ಮ್ಯಾಲಿನ ಲೆವೆಲ್‌ದಿಂದ ಬಂದಿರಬೇಕಲ್ರೀ?" ಅಂದ ಹುಬ್ಬಳ್ಳಿಯ ಜೂನಿಯರ್.

ಅವನು ಸುಮ್ನೆ ಹೇಳಿದ್ದಲ್ಲ. ಯೂರೋಪಿಯಂನ ಎಲೆಕ್ಟ್ರಾನುಗಳು 5ಡಿ2 ಎಂಬ ಮೇಲಿನ ಶಕ್ತಿಮಟ್ಟದಿಂದ 7ಎಫ್3 ಎಂಬ ಕೆಳಗಿನ ಮಟ್ಟಕ್ಕೆ ಇಳಿಯುವಾಗ ಹೊಮ್ಮುವ ಬೆಳಕೂ 510ರ ಆಸುಪಾಸಿನಲ್ಲೇ ಬರುತ್ತದೆ. ಆದರೆ 508 ಅಂದರೆ 254ರ ಸರಿಯಾಗಿ ಎರಡರಷ್ಟು. ಬೆಳಕನ್ನು ಬಿಡಿಸುವ ಗೀರುಫಲಕ, ಅಂದರೆ ಗ್ರೇಟಿಂಗ್, ಒಂದು ತರಂಗಾಂತರದ ಬೆಳಕನ್ನು ಅದರ ಎರಡರಷ್ಟರ ಜಾಗದಲ್ಲೂ ತೋರಿಸುತ್ತದೆ; ಇದೇ ಎರಡನೇ ಆರ್ಡರ್. ಪುಡಿಯಿಂದ ಚದುರಿದ 254ರ ಬೆಳಕು ಹಾಗೆ ಬಂದಿರಬಹುದು, ಅಲ್ವಾ?

254ರ ಬದಲು 250 ಬಿಟ್ಟೆವು. ಆಕ್ಸಿಜನ್‌ನಿಂದ ಯೂರೋಪಿಯಂಗೆ ಎಲೆಕ್ಟ್ರಾನ್ ದಾಟುವ ಚಾರ್ಜ್ ಟ್ರಾನ್ಸ್‌ಫರ್ ಪಟ್ಟಿ (ಪುಡಿ ಬೆಳಕು ಹೀರುವ ತರಂಗಾಂತರಗಳ ಹರವು) ಅಲ್ಲಿ ಅಗಲವಾಗಿದೆ, ಹಾಗಾಗಿ ಹೊಳಪಿಗೆ ತೊಂದರೆಯಿಲ್ಲ. ಅನುಮಾನದ ಗೆರೆ 500ಕ್ಕೆ ಜಾರಿತು. 611 ಕದಲಲಿಲ್ಲ. ಆ ಕೆಂಪು ಗೆರೆ ಕೊಡುವ ಯೂರೋಪಿಯಂನ 4ಎಫ್ ಎಲೆಕ್ಟ್ರಾನುಗಳು ಹೊರಗಿನ 5ಎಸ್, 5ಪಿ ಪದರಗಳ ಮರೆಯಲ್ಲಿರುತ್ತವೆ. ಹರಳಿನ ಕ್ಷೇತ್ರ ಅವುಗಳ ಮಟ್ಟಗಳನ್ನು ಸ್ವಲ್ಪ ಸೀಳುತ್ತದೆ, ಅಷ್ಟೇ. ನಾವು ಬಿಡುವ ಬೆಳಕು ಬದಲಾದರೆ ಆ ಗೆರೆ ಯಾಕೆ ಓಡಬೇಕು?

ಡಿಟೆಕ್ಟರ್ ಕಡೆಗೆ 400ಕ್ಕಿಂತ ಕೆಳಗಿನದನ್ನು ತಡೆಯುವ ಲಾಂಗ್‌ಪಾಸ್ ಫಿಲ್ಟರ್ ಹಾಕಿದೆವು. 508 ಮಾಯ. 533ರ ಹತ್ತಿರದ ಸಣ್ಣ ಗೆರೆ ಉಳಿಯಿತು. ಅದು 5ಡಿ1ದು, ಅಸಲಿ.

ಡಿಟೆಕ್ಟರ್ ಕಡೆಯನ್ನು 611ರಲ್ಲಿ ನಿಲ್ಲಿಸಿ ಎಕ್ಸೈಟೇಶನ್ (ಯಾವ ಬೆಳಕು ಹಾಯಿಸಿದರೆ ಎಷ್ಟು ಹೊಳಪು ಅನ್ನುವುದು) ಅಳೆಯುವಾಗಲೂ, 611ರ ಅರ್ಧವಾದ 305ರ ಹತ್ತಿರ ಇದೇ ಕಾಟ ಬರುತ್ತದೆ. ಆಗಲೂ ಫಿಲ್ಟರ್ ತೆಗೆಯಬೇಡಿ.