ಹಳೆಯ ಕ್ಯಾಮೆರಾ ಅಲುಗಾಡದಿದ್ದರೆ

ಬದಿಯಡ್ಕದ ಮನೆಯ ಕಪಾಟಿನಲ್ಲಿ ಮಾವನ ಕ್ಯಾನನ್ ಎಇ-1 ಸಿಕ್ಕಿತು. ರೀಲು ಮುಂದೂಡುವ ಲಿವರ್ ತಿರುಗದು, ಗುಂಡಿ ಒತ್ತಿದರೆ ಸದ್ದಿಲ್ಲ. ಗುಜರಿಗೆ ಹಾಕಲು ಮನೆಯವರು ತಯಾರಾಗಿದ್ದರು. 1976ರಲ್ಲಿ ಬಂದ ಈ ಮಾದರಿಗೆ 6 ವೋಲ್ಟಿನ ಪುಟ್ಟ ಬ್ಯಾಟರಿಯೇ ಜೀವ. ಅದು ಸತ್ತರೆ ಶಟರ್, ಅಂದರೆ ರೀಲಿಗೆ ಬೆಳಕು ಬಿಡುವ ಪರದೆ, ಬೀಳದು. ಶಟರ್ ಬೀಳದೆ ಲಿವರ್ ಮುಂದೆ ಹೋಗದು. ಬ್ಯಾಟರಿಯ ಗೂಡಿನಲ್ಲಿ ಹಸಿರು ಕಿಲುಬು ಕಟ್ಟಿತ್ತು. ಕಡ್ಡಿಗೆ ಹತ್ತಿ ಸುತ್ತಿ, ಒಂದಿಷ್ಟೇ ವಿನೆಗರ್ ತಾಗಿಸಿ ಒರೆಸಿದೆ, ಚೆನ್ನಾಗಿ ಒಣಗಿದ ಮೇಲೆ ಹೊಸ ಬ್ಯಾಟರಿ ಹಾಕಿದೆ. ‘ಟಪ್’ ಎಂದಿತು!

ಒಳಗೆ ರೀಲು ಇದ್ದು ತೆಗೆದ ಫೋಟೋ ಎಣಿಸುವ ಅಂಕಿ 36ರ ಹತ್ತಿರ ನಿಂತಿದ್ದರೆ ಅದು ಮುಗಿದಿರಬಹುದು. ಅಡಿಯ ಗುಂಡಿ ಒತ್ತಿ ರೀಲನ್ನು ಹಿಂದಕ್ಕೆ ಸುತ್ತಿ. ಲಿವರಿನೊಂದಿಗೆ ಮಾತ್ರ ಜಿದ್ದಿಗೆ ಬೀಳಬೇಡಿ. ಬೀಗಕ್ಕೆ ಬಿಡುವ ಎಣ್ಣೆಯನ್ನಂತೂ ಹತ್ತಿರ ತರಲೇಬೇಡಿ, ಶಟರಿನ ಬಟ್ಟೆಗೆ ಹರಡಿದರೆ ಕಥೆ ಮುಗಿಯಿತು.

ಆಗಲೂ ಕದಲದಿದ್ದರೆ ರಿಪೇರಿ. ಅದಕ್ಕೆ ಮೊದಲು ಮಸೂರವನ್ನು ಟಾರ್ಚಿನ ಬೆಳಕಿಗೆ ಹಿಡಿಯಿರಿ. ನಮ್ಮ ಆಟಿ ತಿಂಗಳ ಮಳೆಗೆ ಒಳಗೆ ಜೇಡರ ಬಲೆಯಂತಹ ಬೂಷ್ಟು ಬೆಳೆದಿರಬಹುದು. ಮಸೂರ ಮಾತ್ರ ಹಾಳಾಗಿದ್ದರೆ ಅದನ್ನಷ್ಟೇ ಬದಲಿಸಬಹುದು. ಶಟರೂ ಕೆಟ್ಟಿದ್ದರೆ ಖರ್ಚನ್ನು ಮೊದಲೇ ಕೇಳಿ, ಅದೇ ಮಾದರಿಯ ಹಳೆಯದೊಂದರ ಬೆಲೆಯೊಂದಿಗೆ ತೂಗಿ ನೋಡಿ. ಮಾವನದ್ದೇ ಬೇಕೆಂದರೆ ಆ ಲೆಕ್ಕ ಬೇರೆ.